ಗೇಟಿಗೆ ವೈರ್‌ಲೆಸ್ ಇಂಟರ್‌ಕಾಮ್ ಹಾಕ್ಸೋರು ಡ್ರಿಲ್ ಹಿಡಿಯೋಕ್ ಮುಂಚೆ ಇದನ್ನ ಓದ್ರಿ

ನಮ್ಮನೆ ದಾವಣಗೆರೆ ವಿದ್ಯಾನಗರದಾಗೆ, ನಾವಿರೋದು ಮೇಲೆ, ಗೇಟು ಕೆಳಗೆ. ಅಮ್ಮಂಗೆ ಮೊಣಕಾಲು ನೋವು, ಕೊರಿಯರ್‌ನವ್ರು ಬೆಲ್ ಹೊಡ್ದಾಗೆಲ್ಲ ಇಳ್ದು ಹತ್ತಿ ಸಾಕಾಗಿತ್ತು, ಅದಕ್ಕೆ ಒಂದು ಇಂಟರ್‌ಕಾಮ್ ತಂದೆ, ತಂದ್ಮೇಲೆ ಗೊತ್ತಾಯ್ತು ಬಾಕ್ಸ್ ಮೇಲೆ ಬರ್ದಿರೋ ರೇಂಜು ಬಯಲಿನ ಲೆಕ್ಕ, ಆರ್‌ಸಿಸಿ ಮನೆ ಲೆಕ್ಕ ಅಲ್ಲ ಅಂತ.

ಇದ್ರಾಗೆ ಎರಡು ಥರ ಐತೆ. ಒಂದು ಬರೀ ಮಾತಾಡೋದು, ಅದ್ರದ್ದೇ ರೇಡಿಯೋ, ಇಂಟರ್ನೆಟ್ ಬೇಕಾಗಲ್ಲ, ಬಟನ್ ಒತ್ತಿ ಯಾರಪ್ಪಾ ಅಂದ್ರೆ ಆಯ್ತು. ಇನ್ನೊಂದು ವೈಫೈ ವಿಡಿಯೋ ಡೋರ್‌ಬೆಲ್, ಮುಖ ಮೊಬೈಲಲ್ಲಿ ಕಾಣ್ತೈತೆ. ಮನೇಲಿರೋದು ಫೋನ್ ಎಲ್ಲಿಟ್ಟೆ ಅಂತ ಹುಡುಕೋ ವಯಸ್ಸಿನವ್ರೇ ಆದ್ರೆ ಮೊದಲ್ನೇದೇ ವಾಸಿ.

ವೈಫೈದು ತಗೊಳ್ಳೋದಾದ್ರೆ ಮೊದ್ಲು ಹಿಂಗ್ ಮಾಡ್ರಿ: ಮೊಬೈಲ್ ಡೇಟಾ ಆಫ್ ಮಾಡಿ, ಗೇಟ್ ಹಾಕಿ, ಬೆಲ್ ಕೂರ್ಸೋ ಜಾಗದಾಗೇ ನಿಂತು ಮನೆ ವೈಫೈಯಿಂದ ವಿಡಿಯೋ ಕಾಲ್ ಮಾಡ್ರಿ. ಅದು ತಡವರಿಸಿದ್ರೆ ಬೆಲ್ಲೂ ತಡವರಿಸ್ತೈತೆ. ಆಗ ರೂಟರ್‌ನ ಟಿವಿ ಹಿಂದಿಂದ ತೆಗ್ದು ಗೇಟ್ ಕಡೆ ಕಿಟಕಿ ಹತ್ರ ಇಡ್ರಿ, ನಂದು ಅಷ್ಟಕ್ಕೇ ಸರಿಹೋಯ್ತು. ಬೆಲ್‌ನ ಕಬ್ಬಿಣದ ಗೇಟಿಗೆ ಬಡೀಬ್ಯಾಡ್ರಿ, ತಗಡು ಸಿಗ್ನಲ್ ತಡೀತೈತೆ, ಕಂಬಕ್ಕೆ ಸುಮಾರು 4 ಅಡಿ ಎತ್ತರಕ್ಕೆ ಹಾಕ್ರಿ. ಸುಮಾರು ರೂಟರ್‌ಗಳು 2.4, 5 ಗಿಗಾಹರ್ಟ್ಸ್ ಅಂತ ಎರಡು ಥರ ವೈಫೈ ಬಿಡ್ತಾವೆ, ಈ ಬೆಲ್‌ಗಳು ಹೆಚ್ಚಾಗಿ 2.4 ಮಾತ್ರ ಹಿಡಿಯೋದು, ಜೋಡಿಸೋವಾಗ ಸಿಗ್ಲಿಲ್ಲ ಅಂದ್ರೆ ರೂಟರಲ್ಲಿ 5 ಗಿಗಾಹರ್ಟ್ಸ್ ಸ್ವಲ್ಪ ಹೊತ್ತು ಆಫ್ ಮಾಡಿ ನೋಡ್ರಿ.

ಕರೆಂಟ್ ಹೋದಾಗ ಬೆಲ್‌ನಾಗೆ ಬ್ಯಾಟ್ರಿ ಇದ್ರೂ ರೂಟರ್ ಸತ್ತಿದ್ರೆ ಮೊಬೈಲಿಗೆ ಏನೂ ಬರಲ್ಲ. ರೂಟರ್‌ನ ಇನ್ವರ್ಟರ್ ಲೈನಿಗೆ ಹಾಕ್ರಿ, ಇಲ್ಲಾಂದ್ರೆ ರೂಟರಿಗೇ ಅಂತ ಸಿಗೋ ಸಣ್ಣ ಯುಪಿಎಸ್ ತಗೊಳ್ರಿ, ಅಡಾಪ್ಟರ್ ಮೇಲೆ 9 ವೋಲ್ಟಾ 12 ವೋಲ್ಟಾ ನೋಡ್ಕೊಂಡು.

ನಮ್ಮೂರ ಏಪ್ರಿಲ್ ಬಿಸ್ಲು ಗೊತ್ತಲ್ಲ, ಲಿಥಿಯಂ ಬ್ಯಾಟ್ರಿಗೆ ಅದು ಆಗ್ಬರಲ್ಲ. ಕಂಬ ಪಡುವಣಕ್ಕಿದ್ರೆ ಮೇಲೊಂದು ತುಂಡು ಶೀಟ್ ಚಾಚಿಸ್ರಿ. ಮಳೆ ಧೂಳು ಒಳಗೆ ಹೋಗ್ಬಾರ್ದು ಅಂದ್ರೆ ಐಪಿ65 ಅನ್ನೋ ಗುರುತು ಇರೋದು ನೋಡ್ರಿ. ರಸ್ತೆ ಕಡೆ ಮುಖ ಮಾಡಿದ್ರೆ ಆಟೋ ಹೋದ್ರೂ ಫೋನ್ ಕೂಗ್ತೈತೆ, ಓರೆ ಮಾಡಿ ಹಾಕಿ, ಓಡಾಟ ಗುರುತಿಸೋ ಸೆನ್ಸರಿನ ಸೂಕ್ಷ್ಮತೆ ಕಮ್ಮಿ ಮಾಡ್ರಿ.

ಗೇಟ್ ಲಾಕೂ ಮೇಲಿಂದ್ಲೇ ತೆಗೀಬೇಕು ಅಂದ್ರೆ ಎಲೆಕ್ಟ್ರಿಕ್ ಲಾಕಿಗೆ ಸಾಮಾನ್ಯವಾಗಿ 12 ವೋಲ್ಟಿನ ವೈರ್ ಎಳೀಲೇಬೇಕು, ವೈರ್‌ಲೆಸ್ ಅನ್ನೋದು ಅಲ್ಲಿಗೆ ಹೆಸರಿಗಷ್ಟೇ. ಹಳೇ ಕಾಲಿಂಗ್ ಬೆಲ್ ಮಾತ್ರ ಕೀಳ್ಬ್ಯಾಡ್ರಿ, ನಮ್ ಹಾಲಿನವ್ನು ಈಗ್ಲೂ ಅದನ್ನೇ ಒತ್ತೋದು.