ಸೋಮವಾರ ಮಾತ್ರ ಸೋರುತ್ತಿದ್ದ ಗೇರ್ ಆಯಿಲ್

ಮಂಡ್ಯದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಒಂದು ಸೋಮವಾರ ಬೆಳಿಗ್ಗೆ ಪರಿಚಯದ ಮೇಷ್ಟ್ರೊಬ್ಬರು ರಟ್ಟಿನ ತುಂಡೊಂದನ್ನು ಹಿಡಿದುಕೊಂಡೇ ಬಂದರು. ರಾತ್ರಿ ಕಾರಿನ ಕೆಳಗೆ ಹಾಸಿದ್ದ ರಟ್ಟು ಅದು. ಮೇಲೆ ಅಂಗೈಯಗಲ ಕೆಂಪು ಕಲೆ.

"ಐದು ತಿಂಗಳ ಹಿಂದೆ ಬೇರೆ ಕಡೆ ಹೊಸ ಸೀಲ್ ಹಾಕಿಸಿದ್ದೆ ಕಣಪ್ಪ. ಮತ್ತೆ ಶುರುವಾಗಿದೆ ನೋಡು" ಅಂದರು.

ಸೀಲ್ ಅಂದರೆ ತಿರುಗುವ ಶಾಫ್ಟ್ ಸುತ್ತ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ. ಅವರದು ಹಳೆಯ ಆಟೋಮ್ಯಾಟಿಕ್ ಕಾರು. ಕೆಂಪು ಆಯಿಲ್ ಅಂದ ಕೂಡಲೇ ಗೇರ್‌ಬಾಕ್ಸ್ ಅಂತ ತೀರ್ಮಾನ ಮಾಡಬಾರದು. ಎಷ್ಟೋ ಕಾರುಗಳಲ್ಲಿ ಪವರ್ ಸ್ಟೀರಿಂಗ್‌ಗೂ ಇದೇ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕುತ್ತಾರೆ. ಎಂಜಿನ್ ತಂಪಾಗಿಡುವ ಕೆಲವು ಕೂಲಂಟ್ ಕೂಡ ಕೆಂಪಗಿರುತ್ತವೆ, ಆದರೆ ಬೆರಳಲ್ಲಿ ಉಜ್ಜಿದರೆ ಅದರಲ್ಲಿ ಎಣ್ಣೆಯ ಜಿಡ್ಡು ಇರುವುದಿಲ್ಲ. ಸ್ಟೀರಿಂಗ್ ಡಬ್ಬಿಯಲ್ಲಿ ಆಯಿಲ್ ಸರಿಯಾಗಿತ್ತು. ಎಂಜಿನ್ ಬಿಸಿ ಮಾಡಿ, ಪಾರ್ಕಿಂಗ್‌ನಲ್ಲಿ ಇಟ್ಟು, ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದೆ. ಆಯಿಲ್ ಕಡಿಮೆಯಾಗಿತ್ತು, ಆದರೆ ಬಣ್ಣ ಇನ್ನೂ ಕೆಂಪೇ. ಸುಟ್ಟ ವಾಸನೆ ಇರಲಿಲ್ಲ. ಈ ವಿಷಯ ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಕೆಳಭಾಗವನ್ನೆಲ್ಲ ತೊಳೆದು ಒರೆಸಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ, ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಲ್ಲ. ಪೌಡರ್ ಇದ್ದರೆ ಮೊದಲು ಒದ್ದೆಯಾದ ಜಾಗ ಕಾಣುತ್ತದೆ. ನಾಲ್ಕು ದಿನ ಓಡಿಸಿಕೊಂಡು ಬಂದರು. ಪೌಡರ್ ಹಾಗೇ ಬೆಳ್ಳಗಿತ್ತು!

ಕಲೆ ಕಂಡಿದ್ದು ಸೋಮವಾರ ಬೆಳಿಗ್ಗೆ. ಅದಕ್ಕೆ ನಾನು ಕೇಳಿದೆ, "ಮೇಷ್ಟ್ರೇ, ಭಾನುವಾರ ಎಲ್ಲಿಗೆ ಹೋಗ್ತೀರಿ?" ಮೇಲುಕೋಟೆಯಲ್ಲಿ ಅವರ ತಾಯಿ ಇದ್ದಾರೆ. ಪ್ರತಿ ಭಾನುವಾರ ಹೋಗಿ ಬರುತ್ತಾರೆ. ಉಳಿದ ದಿನ ಮನೆ, ಸ್ಕೂಲು, ಅಷ್ಟೇ. ಅದು ಕಬ್ಬು ಕಡಿಯುವ ಕಾಲ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ತೆವಳಬೇಕು, ಆಮೇಲೆ ಬೆಟ್ಟದ ಏರು. ಬೆಟ್ಟದ ಮೇಲೆ ಗಾಡಿ ನಿಲ್ಲಿಸಿದಾಗ ಏನೋ ಸುಟ್ಟ ವಾಸನೆ ಬರುತ್ತೆ ಅಂತಲೂ ಹೇಳಿದರು. ಇದನ್ನು ಅವರು ಮೊದಲೇ ಹೇಳಿರಲಿಲ್ಲ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದರೆ ಬೆಂಕಿಯೂ ಹತ್ತಬಹುದು. ನನಗೆ ನಿಜಕ್ಕೂ ಭಯವಾಯಿತು.

ಮುಂದಿನ ಭಾನುವಾರ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ನಾನೂ ಜೊತೆಗೆ ಹೋದೆ. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಗೊಂಡಿದ್ದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೆ ಹೊರಡುವ ಮೊದಲೇ ಗೇರ್‌ಬಾಕ್ಸ್‌ನಿಂದ ಚಕ್ರಗಳಿಗೆ ಹೋಗುವ ಎರಡೂ ಡ್ರೈವ್ ಶಾಫ್ಟ್‌ಗಳ ಸೀಲ್ ಪಕ್ಕ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಪೇಂಟ್ ಒಂದೊಂದು ಚುಕ್ಕಿ ಹಚ್ಚಿದ್ದೆ. ಬೆಟ್ಟದ ಮೇಲೆ ಎಂಜಿನ್ ಆರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದಿನಿಂದ ನೋಡಿದೆ. ಎಡಗಡೆ 88 ಡಿಗ್ರಿ. ಬಲಗಡೆ 112. ಹತ್ತು ನಿಮಿಷ ಬಿಟ್ಟು ನೋಡಿದರೆ ಬಲಗಡೆ 138 ಆಗಿತ್ತು. ಪೌಡರ್ ಒದ್ದೆಯಾಗಿ ಕೆಂಪು ಗೆರೆ ಇಳಿದಿತ್ತು.

ಗೇರ್‌ಬಾಕ್ಸ್ ಒಂದೇ, ಆಯಿಲ್ ಒಂದೇ. ಆಯಿಲೇ ಕಾದಿದ್ದರೆ ಎರಡೂ ಕಡೆ ಒಂದೇ ಥರ ಇರಬೇಕಿತ್ತು, ಅಲ್ವಾ? ಆಯಿಲ್‌ಗೆ ಸುಟ್ಟ ವಾಸನೆಯೂ ಇರಲಿಲ್ಲವಲ್ಲ. ಬಲಗಡೆ ಸೀಲ್‌ನಿಂದ ಮೂರು ಬೆರಳು ದೂರದಲ್ಲೇ ಸೈಲೆನ್ಸರ್ ಪೈಪ್ ಹೋಗುತ್ತದೆ. ಓಡುವಾಗ ಗಾಳಿ ಬಿಸಿಯನ್ನು ಒಯ್ಯುತ್ತದೆ. ನಿಲ್ಲಿಸಿದ ಮೇಲೆ ಗಾಳಿ ಇಲ್ಲ, ಪೈಪಿನ ಕಾವೆಲ್ಲ ಪಕ್ಕಕ್ಕೆ ಹೊಡೆಯುತ್ತದೆ.

ಶಾಫ್ಟ್ ಬಿಚ್ಚಿ ಸೀಲ್ ಕಿತ್ತು ಕೈಯಲ್ಲಿ ಹಿಡಿದೆ. ಒಂದು ಬದಿ ಇನ್ನೂ ಮೆತ್ತಗಿತ್ತು, ಉಗುರು ಇಳಿಯುತ್ತಿತ್ತು. ಪೈಪಿನ ಕಡೆಗಿದ್ದ ಬದಿ ಪ್ಲಾಸ್ಟಿಕ್‌ನಂತೆ ಗಟ್ಟಿ. ಬಗ್ಗಿಸಿದರೆ ಬಿರುಕು ಬಿಟ್ಟಿತು. ಪಕ್ಕದಲ್ಲಿ ಶಾಫ್ಟ್ ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಕೂಡ ಅದೇ ಬದಿಯಲ್ಲಿ ಸೀಳಿತ್ತು. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100ರಿಂದ 120 ಡಿಗ್ರಿವರೆಗೆ ಬಾಳುತ್ತದೆ. ಅದಕ್ಕಿಂತ ಜಾಸ್ತಿ ಬಿಸಿ ಮತ್ತೆ ಮತ್ತೆ ಬಿದ್ದರೆ ಒಣಗಿಹೋಗುತ್ತದೆ. ಹಾಗೆ ಗಟ್ಟಿಯಾದ ಸೀಲ್ ಶಾಫ್ಟ್‌ಗೆ ಅಂಟಿಕೊಂಡು ನಿಲ್ಲುವುದಿಲ್ಲ. ಆಯಿಲ್ ತಣ್ಣಗಿದ್ದಾಗ ಹೇಗೋ ತಡೆಯುತ್ತದೆ. ಬಿಸಿಗೆ ಆಯಿಲ್ ನೀರಿನಂತೆ ತೆಳ್ಳಗಾದಾಗ ಬಿಟ್ಟುಬಿಡುತ್ತದೆ.

ಪೈಪಿನ ಪಕ್ಕ ಎಂಜಿನ್ ಬ್ಲಾಕ್ ಮೇಲೆ ಎರಡು ಖಾಲಿ ಬೋಲ್ಟ್ ತೂತು ಕಂಡವು. ಅಲ್ಲೊಂದು ಹೀಟ್ ಶೀಲ್ಡ್, ಅಂದರೆ ಕಾವು ತಡೆಯುವ ತಗಡು, ಇರಬೇಕಿತ್ತು. ಕೇಳಿದರೆ, ಹಿಂದೊಮ್ಮೆ ಗಲಗಲ ಸದ್ದು ಬರುತ್ತೆ ಅಂತ ಯಾವುದೋ ಗ್ಯಾರೇಜಿನಲ್ಲಿ ಅದನ್ನು ಕಿತ್ತಿದ್ದರಂತೆ. ನೋಡೋಕೆ ಸುಮ್ನೆ ತಗಡು. ಆ ತಗಡಿಲ್ಲದೆ ಎಷ್ಟು ಸೀಲ್ ಹಾಕಿದರೂ ಐದಾರು ತಿಂಗಳೇ.

ಮೈಸೂರಿನ ಗುಜರಿಯಲ್ಲಿ ಅದೇ ಮಾಡೆಲ್‌ನ ಶೀಲ್ಡ್ ಸಿಕ್ಕಿತು. ಒಂದು ಬೋಲ್ಟ್ ತೂತಿನ ಒಳಗಿನ ಥ್ರೆಡ್ ತುಕ್ಕು ಹಿಡಿದಿತ್ತು, ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಸರಿ ಮಾಡಿದೆ. ಶಾಫ್ಟ್ ಮೇಲೆ ಉಗುರು ಆಡಿಸಿ ಗೀರು ಬಿದ್ದಿಲ್ಲ ಅಂತ ನೋಡಿಕೊಂಡು, ಈ ಸಲ ವೈಟಾನ್ ಅನ್ನೋ ಬೇರೆ ರಬ್ಬರಿನ ಸೀಲ್ ಕೂರಿಸಿದೆ. ಅದು ಸುಮಾರು 200 ಡಿಗ್ರಿ ತಡೆಯುತ್ತದೆ. ಬೂಟ್ ಹೊಸದು. ಸೋರಿದ್ದಷ್ಟು ಎಟಿಎಫ್ ತುಂಬಿ, ಮತ್ತೆ ಮೇಲುಕೋಟೆಗೆ ಹೋಗಿ ಅದೇ ಕಪ್ಪು ಚುಕ್ಕಿಗೆ ಗನ್ ಹಿಡಿದೆ. ನಿಲ್ಲಿಸಿ ಹತ್ತು ನಿಮಿಷದ ಮೇಲೆ 97.

ಸೋಮವಾರ ಮೇಷ್ಟ್ರು ಹೊಸ ರಟ್ಟು ತಂದು ತೋರಿಸಿದರು. ಒಣಗಿತ್ತು. ಕಾವಿಗೆ ಶೀಲ್ಡ್ ಬೋಲ್ಟ್ ಸಡಿಲ ಆಗುತ್ತದೆ, ಅದಕ್ಕೆ 1,000 ಕಿ.ಮೀ. ಆದಮೇಲೆ ಕರೆಸಿ ಇನ್ನೊಮ್ಮೆ ಬಿಗಿ ಮಾಡಿದೆ.