ಸಂಬಳ 12,570, ಉಳಿದದ್ದು ಡಿವಿಡೆಂಡ್: ಯುಕೆ ಕಾಂಟ್ರ್ಯಾಕ್ಟರ್ ಲೆಕ್ಕ

ಇಂಗ್ಲೆಂಡಿನಲ್ಲಿ ಸ್ವಂತ ಲಿಮಿಟೆಡ್ ಕಂಪನಿ ಮೂಲಕ ಐಟಿ ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಡೈರೆಕ್ಟರ್, ನೌಕರ, ಷೇರುದಾರ ಮೂರೂ ನಾನೇ. ಇಲ್ಲಿನ ಅಂಕಿಗಳು 2025-26ರವು, ಐಆರ್35ರ (ಕಾಂಟ್ರ್ಯಾಕ್ಟರ್ ನಿಜಕ್ಕೂ ನೌಕರನಂತೆಯೇ ದುಡಿಯುತ್ತಿದ್ದಾನೆಯೇ ಎಂದು ನೋಡುವ ತೆರಿಗೆ ನಿಯಮ) ಹೊರಗಿನ ಕೆಲಸಕ್ಕೆ. ಒಳಗಿದ್ದರೆ ಬಂದದ್ದೆಲ್ಲ ಸಂಬಳದಂತೆಯೇ ಕಡಿತವಾಗುತ್ತದೆ, ಈ ಲೆಕ್ಕಕ್ಕೆ ಕೆಲಸವಿಲ್ಲ.

ಮೊದಲು ಸಂಬಳ. 2025ರ ಏಪ್ರಿಲ್‌ನಿಂದ ಸಂಬಳದ ಮೇಲೆ ಕಂಪನಿ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ, ಸರ್ಕಾರದ ಸಾಮಾಜಿಕ ವಿಮೆ) 5,000 ಪೌಂಡ್ ದಾಟಿದ ಮೇಲೆ 15%. ಅದಕ್ಕೇ ‘ಸಂಬಳ 5,000ಕ್ಕೆ ನಿಲ್ಲಿಸಿ’ ಅನ್ನುವವರು ಬಹಳ. ಕೂಡಿ ಕಳೆದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ನನಗೆ ಆದಾಯ ತೆರಿಗೆ ಬೀಳದ ಗಡಿಯಾದ 12,570ರ ತನಕ ಕೊಟ್ಟರೆ ಎನ್‌ಐ 1,135.50 ಹೋಗುತ್ತದೆ, ನಿಜ. ಆದರೆ ಹೆಚ್ಚಿಗೆ ಕೊಟ್ಟ 7,570, ಅದರ ಮೇಲಿನ ಎನ್‌ಐ ಎರಡೂ ಕಂಪನಿಯ ಖರ್ಚೇ. ಈ 8,705.50ರ ಮೇಲೆ 19% ಕಾರ್ಪೊರೇಷನ್ ಟ್ಯಾಕ್ಸ್ (ಕಂಪನಿಯ ಲಾಭದ ಮೇಲಿನ ತೆರಿಗೆ), ಅಂದರೆ 1,654, ತಪ್ಪುತ್ತದೆ. ಒಟ್ಟಿನಲ್ಲಿ 518 ಪೌಂಡ್ ಲಾಭ. ಸಂಬಳ 6,500 ದಾಟಿದ್ದರಿಂದ ಸ್ಟೇಟ್ ಪೆನ್ಷನ್‌ಗೆ ಆ ವರ್ಷವೂ ಸೇರುತ್ತದೆ. ಎಂಪ್ಲಾಯ್‌ಮೆಂಟ್ ಅಲೋವೆನ್ಸ್ (ಕಂಪನಿಯ ಎನ್‌ಐಗೆ ಸಿಗುವ ರಿಯಾಯಿತಿ) ನೆಚ್ಚಿಕೊಳ್ಳಬೇಡಿ, ಸಂಬಳ ಪಡೆಯುವವರು ಡೈರೆಕ್ಟರ್ ಒಬ್ಬರೇ ಆದರೆ ಅದು ಸಿಗದು.

ಈಗ ಡಿವಿಡೆಂಡ್. ವ್ಯಾಟ್ ಬಿಟ್ಟು, ಖರ್ಚು ಕಳೆದು, ಸಂಬಳಕ್ಕೆ ಮುಂಚೆ 60,000 ಪೌಂಡ್ ಇದೆ ಎನ್ನಿ. ಸಂಬಳ, ಎನ್‌ಐ ತೆಗೆದರೆ ಲಾಭ 46,294. ಅದಕ್ಕೆ 19% ಎಂದರೆ 8,796. ಉಳಿದ 37,498 ಪೂರ್ತಿ ಡಿವಿಡೆಂಡ್ ತೆಗೆದರೂ ಸಂಬಳ ಸೇರಿ ಮೇಲಿನ ತೆರಿಗೆ ದರ ಶುರುವಾಗುವ 50,270ರ ಗಡಿಯೊಳಗೇ ಇರುತ್ತೇನೆ. ಮೊದಲ 500ಕ್ಕೆ ತೆರಿಗೆಯಿಲ್ಲ, ಮಿಕ್ಕದ್ದಕ್ಕೆ 8.75%: 3,237. ಕೈಗೆ 46,831. 2026ರ ಏಪ್ರಿಲ್ 6ರಿಂದ ದರ 10.75%, ಇದೇ ಮೊತ್ತಕ್ಕೆ 740 ಹೆಚ್ಚು.

ನಮ್ಮವರು ಎಡವುವುದು ಊರಿನ ಆದಾಯದಲ್ಲಿ. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಠೇವಣಿ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಆದರೆ ಇಲ್ಲಿ ನೆಲೆಸಿ ನಾಲ್ಕು ವರ್ಷ ದಾಟಿದವರಿಗೆ ಇಲ್ಲಿ ಉಂಟು. ತೆರಿಗೆ ಲೆಕ್ಕದಲ್ಲಿ ಬೇರೆ ಆದಾಯವೆಲ್ಲ ಮೊದಲು, ಡಿವಿಡೆಂಡ್ ಎಲ್ಲಕ್ಕಿಂತ ಮೇಲೆ ಕೂರುತ್ತದೆ. 3,000 ಪೌಂಡ್ ಬಡ್ಡಿ ಬಂದರೆ ಡಿವಿಡೆಂಡಿನ 2,798 ಗಡಿಯಾಚೆ ಹೋಗಿ 33.75% ತೆರಬೇಕಾಗುತ್ತದೆ. ಹಾಗಾದ ವರ್ಷ ಅಷ್ಟನ್ನು ಕಂಪನಿಯಲ್ಲೇ ಬಿಡುತ್ತೇನೆ, ಇಲ್ಲವೇ ಕಂಪನಿಯಿಂದ ನೇರ ಪೆನ್ಷನ್‌ಗೆ ಹಾಕಿಸುತ್ತೇನೆ. ಪೆನ್ಷನ್‌ಗೆ ಹೋದದ್ದು ಕಂಪನಿಯ ಖರ್ಚು, ಎನ್‌ಐ ಇಲ್ಲ.

ಬ್ಯಾಂಕ್ ಬ್ಯಾಲೆನ್ಸ್ ನೋಡಿ ಡಿವಿಡೆಂಡ್ ತೆಗೆಯಲೇಬಾರದು. ಅದರಲ್ಲಿ ವ್ಯಾಟೂ ಕಾರ್ಪೊರೇಷನ್ ಟ್ಯಾಕ್ಸೂ ಸೇರಿರುತ್ತವೆ, ಎರಡೂ ನಮ್ಮ ಹಣವಲ್ಲ. ಇನ್‌ವಾಯ್ಸ್ ದುಡ್ಡು ಬಂದ ದಿನವೇ ಅವನ್ನು ಬೇರೆ ಖಾತೆಗೆ ದಾಟಿಸುತ್ತೇನೆ. ಲಾಭಕ್ಕಿಂತ ಹೆಚ್ಚು ತೆಗೆದದ್ದು ಡೈರೆಕ್ಟರ್ ಸಾಲವಾಗುತ್ತದೆ. ಲೆಕ್ಕವರ್ಷ ಮುಗಿದು ಒಂಬತ್ತು ತಿಂಗಳು ಒಂದು ದಿನದೊಳಗೆ ತೀರಿಸದಿದ್ದರೆ ಕಂಪನಿ ಅದರ ಮೇಲೆ 33.75% ಕಟ್ಟಿ, ಸಾಲ ತೀರಿದ ಮೇಲೆ ವಾಪಸಿಗೆ ಕಾಯಬೇಕು. ಪ್ರತಿ ಡಿವಿಡೆಂಡಿಗೂ ವೋಚರ್, ಮಿನಿಟ್ಸ್ (ಡೈರೆಕ್ಟರ್ ತೀರ್ಮಾನದ ದಾಖಲೆ) ಅದೇ ತಾರೀಖಿಗೆ ಬರೆದಿಡಿ.

ಕೊನೆಗೆ ಜನವರಿ 31, ನನ್ನ ವೈಯಕ್ತಿಕ ತೆರಿಗೆ ಕಟ್ಟುವ ಗಡುವು. ಮೊದಲ ವರ್ಷ ಆ 3,237ರ ಜೊತೆ ಮುಂದಿನ ವರ್ಷದ ಮುಂಗಡದ ಅರ್ಧವೂ ಸೇರಿ ಸುಮಾರು 4,856 ಕಟ್ಟಬೇಕು, ಇನ್ನರ್ಧ ಜುಲೈ 31ಕ್ಕೆ. ಅದಕ್ಕೆ ಪ್ರತಿ ಡಿವಿಡೆಂಡಿನಿಂದ 13% ಎತ್ತಿಡುತ್ತೇನೆ.