ಮಳೆನಾಡಿಗೊಂದು ಚೂರಿ: ಮಾಡಿಸಿದ್ದು, ಮಸೆದದ್ದು, ಕಾಪಾಡಿಕೊಂಡದ್ದು

ತೋಟ, ಗುಡ್ಡ, ಹೊಳೆದಂಡೆ ಅಂತ ಹೊರಗೇ ಜಾಸ್ತಿ ಇರುವವರು ಚೂರಿ ಕೊಳ್ಳುವಾಗ ಮೊದಲು ಉದ್ದ ನೋಡುತ್ತಾರೆ. ನಾನು ಬೆನ್ನಿನ ದಪ್ಪ ನೋಡುತ್ತೇನೆ. ಅಲಗು ನಾಲ್ಕು ಇಂಚು ಇದ್ದರೆ ಸಾಕು, ಬೆನ್ನು 3 ಮಿಲಿಮೀಟರ್ ದಾಟಬಾರದು. ಐದಾರು ಮಿಲಿಮೀಟರ್ ದಪ್ಪದ ಚೂರಿ ಕೈಯಲ್ಲಿ ಹಿಡಿದರೆ ಗಟ್ಟಿಮುಟ್ಟು ಅನ್ನಿಸುತ್ತದೆ, ನಿಜ. ಆದರೆ ಅದರಲ್ಲಿ ಒಂದು ಸೌತೆಕಾಯಿ ಹೆಚ್ಚಿ ನೋಡಿ. ಕೊಯ್ಯುವುದಿಲ್ಲ, ಸಿಗಿಯುತ್ತದೆ. ನನ್ನ ಚೂರಿಗೆ ಇರುವ ಕೆಲಸವೆಲ್ಲ ಕೊಯ್ಯುವುದೇ: ಹಗ್ಗ, ಬಾಳೆ ಎಲೆ, ಡ್ರಿಪ್ ಪೈಪು, ತರಕಾರಿ, ಒಲೆಗೆ ಹೊತ್ತಿಸಲು ಸಣ್ಣ ಚಕ್ಕೆ. ಕಡಿಯುವುದಕ್ಕೆ ಕತ್ತಿ ಇದ್ದೇ ಇದೆ.

ಮಡಚುವ ಚೂರಿ ನಮ್ಮ ಕಡೆಗೆ ಹೇಳಿದ್ದಲ್ಲ. ಕೀಲಿನೊಳಗೆ ಕೆಸರು, ನಾರು ಸೇರಿಕೊಂಡರೆ ಬಿಡಿಸುವುದೇ ಕಷ್ಟ. ಒದ್ದೆ ಕೈಯಲ್ಲಿ ಬೆರಳಿನ ಮೇಲೆ ಮಡಚಿಕೊಳ್ಳುವ ಭಯ ಬೇರೆ.

ಇನ್ನು ಉಕ್ಕು. ಹೊಸಬರು ಕೇಳಿದರೆ ನಾನು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ತೋರಿಸುತ್ತೇನೆ. ಹತ್ತು ಸೆಂಟಿಮೀಟರಿನ ಅಲಗು, ಎರಡೂವರೆ ಮಿಲಿಮೀಟರ್ ದಪ್ಪ. ಸ್ಟೇನ್‌ಲೆಸ್ ಆದ್ದರಿಂದ ತುಕ್ಕಿನ ಕಾಟ ಕಡಿಮೆ. ನನ್ನಲ್ಲೂ ಒಂದಿದೆ. ಆದರೂ ದಿನಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ನಮ್ಮೂರ ಆಚಾರ್ರು ಮಾಡಿಕೊಟ್ಟ ಚೂರಿಯನ್ನೇ. ನನ್ನ ಅಂಗೈಗೆ ಸರಿಯಾದ ಹಿಡಿ, ಏನಾದರೂ ಆದರೆ ರಿಪೇರಿಗೆ ಪಕ್ಕದಲ್ಲೇ ಕುಲುಮೆ. ಇದಕ್ಕಿಂತ ಇನ್ನೇನು ಬೇಕು?

ಉಕ್ಕು ಜೀಪಿನ ಸ್ಪ್ರಿಂಗ್ ಪಟ್ಟಿಯದು. ಲಾರಿ ಪಟ್ಟಿಗಿಂತ ತೆಳುವಾದ್ದರಿಂದ ಬಡಿಯುವ ಕೆಲಸ ಕಡಿಮೆ. ಮುರಿದು ಬಿಸಾಕಿದ ಪಟ್ಟಿ ಮಾತ್ರ ಬೇಡ. ಒಂದು ಕಡೆ ಮುರಿದಿದೆ ಅಂದರೆ ಕಣ್ಣಿಗೆ ಕಾಣದ ಬಿರುಕು ಇನ್ನೆಲ್ಲೋ ಇರಬಹುದು. ನಟ್ಟನಡುವೆ ಬೋಲ್ಟಿನ ತೂತು ಇರುತ್ತದಲ್ಲ, ಅದರ ಆಸುಪಾಸಿನ ತುಂಡನ್ನೂ ಬಿಡಿಸಿದೆ.

ಆಚಾರ್ರಿಗೆ ತೆಳು ಅಲಗು ಮನಸ್ಸಿಗೆ ಬರಲಿಲ್ಲ. "ಇಷ್ಟು ತೆಳ್ಳಗೆ ಬಡಿದ್ಮೇಲೆ ಮರಕ್ಕೆ ಬೀಸಿ ಮುರ್ಕೊಂಡು ಬಂದ್ರೆ ನನ್ನ ಬೈಬಾರ್ದು ನೋಡಿ" ಅಂದರು. "ಕಡಿಯೋಕೆ ನೀವೇ ಮಾಡ್ಕೊಟ್ಟ ಕತ್ತಿ ಇದೆ ಆಚಾರ್ರೇ, ಇದು ಕೊಯ್ಯೋಕೆ" ಅಂದ ಮೇಲೆ ಒಪ್ಪಿದರು.

ಚೂರಿಯ ಜೀವ ಇರುವುದು ಹದದಲ್ಲಿ. ಅಲಗು ಕಾದು ಕೆಂಪಾಗುತ್ತಾ ಹೋದಂತೆ ಒಂದು ಹಂತದಲ್ಲಿ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದು ಸುಮಾರು 770 ಡಿಗ್ರಿ. ಅದಕ್ಕಿಂತ ತುಸು ಜಾಸ್ತಿ ಕಾಯಿಸಿ ಅದ್ದಬೇಕು. ಆಚಾರ್ರಿಗೆ ಅಯಸ್ಕಾಂತ ಬೇಡ, ಕುಲುಮೆಯ ಮಬ್ಬು ಬೆಳಕಲ್ಲಿ ಬಣ್ಣ ನೋಡಿಯೇ ಹೇಳುತ್ತಾರೆ. ನಾನು ಪಕ್ಕದಲ್ಲಿ ಅಯಸ್ಕಾಂತ ಹಿಡಿದು ನೋಡಿದರೆ ಅವರು ಹೇಳಿದ್ದೇ ಸರಿ. ಕತ್ತಿಗಾದರೆ ಅವರು ನೀರು ಕೊಡುತ್ತಾರೆ. ತೆಳು ಅಲಗು ನೀರಿನಲ್ಲಿ ಥಟ್ಟನೆ ತಣಿದರೆ ಬಿರುಕು ಬಿಡಬಹುದು ಅಂತ ನಾನು ಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆ ಇಟ್ಟಿದ್ದೆ. ಅದ್ದಿ ತೆಗೆದ ಮೇಲೆ ಅಂಚಿಗೆ ಅರ ಹಾಕಿ ನೋಡಿದೆವು. ಅರ ಕಚ್ಚದೆ ಜಾರಿತು. ಗಡಸು ಬಂದಿದೆ ಅಂತ ಅರ್ಥ. ಆದರೆ ಆ ಸ್ಥಿತಿಯಲ್ಲಿ ಕೆಳಗೆ ಬಿದ್ದರೂ ಮುರಿದೀತು. ಆವತ್ತೇ ಮನೆಗೆ ತಂದು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ, ಆರಿದ ಮೇಲೆ ಮತ್ತೆ ಒಂದು ಗಂಟೆ ಇಟ್ಟೆ. ಉಜ್ಜಿ ಹೊಳಪು ತರಿಸಿದ್ದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಅದೇ ಬೇಕಾಗಿದ್ದ ಹದ.

ಹಿಡಿಗೆ ಮುರಿದ ಹಳೇ ಕುರ್ಚಿಯ ಬೀಟೆ ಕಾಲು ಸಿಕ್ಕಿತು, ಒಳ್ಳೆ ಚೇಗು. ತೂತಿಗೆ ಅರಗಿನ ಪುಡಿ ತುಂಬಿ, ಅಲಗಿನ ಬಾಲವನ್ನಷ್ಟೇ ಕಾಯಿಸಿ ಒತ್ತಿದರು. ಅಷ್ಟೂ ಹೊತ್ತು ಅಲಗಿಗೆ ಒದ್ದೆ ಬಟ್ಟೆ ಸುತ್ತಿತ್ತು, ಹದ ಇಳಿಯದಿರಲಿ ಅಂತ.

ಮಸೆಯುವುದಕ್ಕೆ ನಮ್ಮಲ್ಲಿ ಮರದ ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಉಜ್ಜುವ ರೂಢಿ ಇದೆ. ಕತ್ತಿಗೆ ಅದು ಚೆನ್ನ. ಚೂರಿಯ ಬಾಯಿ ಹಾಗೆ ಉಜ್ಜಿದರೆ ದುಂಡಗಾಗುತ್ತದೆ, ಅದಕ್ಕೆ ಕಲ್ಲೇ ಬೇಕು. ನನ್ನವು 400 ಮತ್ತು 1000 ನಂಬರಿನ ಕಲ್ಲುಗಳು. ಮೊದಲು ಬಾಯಿಯ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯುತ್ತೇನೆ. ಬದಿಗೆ 20 ಡಿಗ್ರಿ ಲೆಕ್ಕದಲ್ಲಿ ಬೆನ್ನು ಎತ್ತಿ ಹಿಡಿದು, ಎರಡು ಸಲ ಎಳೆದು ತಿರುಗಿಸಿ ನೋಡುತ್ತೇನೆ. ಕಪ್ಪು ಮೇಲ್ಗಡೆ ಮಾತ್ರ ಹೋಗಿದ್ದರೆ ಬೆನ್ನು ಇನ್ನೂ ಎತ್ತಬೇಕು. ತೀರಾ ತುದಿಯಲ್ಲಷ್ಟೇ ಹೋಗಿದ್ದರೆ ಇಳಿಸಬೇಕು. ಒಂದು ಬದಿ ಸಾಕಷ್ಟು ಮಸೆದಾಗ ಆಚೆ ಬದಿಗೆ ಉಕ್ಕಿನ ಸಣ್ಣ ಎಳೆಯೊಂದು ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಹೆಬ್ಬೆರಳು ಹಗುರಾಗಿ ಸವರಿದರೆ ತಡೆಯುತ್ತದೆ. ಬಾಯಿಯ ಉದ್ದಕ್ಕೂ ಅದು ಸಿಗುವವರೆಗೆ ಬದಿ ಬದಲಿಸಬೇಡಿ. ಕೊನೆಗೆ ಹಳೇ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಆ ಎಳೆ ಉದುರುತ್ತದೆ. ಸಾಣೆ ಯಂತ್ರಕ್ಕೆ ಮಾತ್ರ ಕೊಡಬೇಡಿ. ಬಿಸಿಯಾಗಿ ಅಂಚು ನೀಲಿಗಟ್ಟಿತೋ, ಅಷ್ಟು ಜಾಗದ ಹದ ಹೋಯಿತು.

ತುಕ್ಕಿನ ವಿಷಯ. ಹಸಿ ಅಡಿಕೆ ಕೊಯ್ದರೆ ಚೊಗರಿಗೆ ಅಲಗು ಕಪ್ಪಾಗುತ್ತದೆ. ಗಾಬರಿ ಬೇಡ, ಆ ಕಪ್ಪು ಉಕ್ಕನ್ನು ತಿನ್ನುವುದಿಲ್ಲ. ತಿನ್ನುವುದು ಕೆಂಪು ತುಕ್ಕು. ಅದನ್ನು ಕಂಡ ದಿನವೇ ಎಣ್ಣೆ ಹಾಕಿ ಉಜ್ಜಿ ತೆಗೆಯಬೇಕು. ಮಾವು, ನಿಂಬೆ ಹೆಚ್ಚಿದರೆ ಅಲ್ಲೇ ತೊಳೆದು ಒರೆಸಿ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಅಲಗಿಗೆ ತೆಳ್ಳಗೆ ಸವರುವುದೂ ಅದನ್ನೇ, ಅಡುಗೆಗೂ ಚೂರಿ ಬಳಸುತ್ತೇನಲ್ವಾ.

ಚರ್ಮದ ಒರೆ ನಡೆಯುವಾಗ ಮಾತ್ರ. ಆಷಾಢದಲ್ಲಿ ಅದರೊಳಗೇ ಚೂರಿ ಇಟ್ಟು ಮಲಗಿದರೆ ಚರ್ಮ ಕುಡಿದ ನೀರೆಲ್ಲ ಉಕ್ಕಿಗೆ. ಮನೆಗೆ ಬಂದವನೇ ಎರಡನ್ನೂ ಬೇರೆ ಮಾಡಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ. ಚರ್ಮ ಬೂಸು ಹಿಡಿಯುವುದೂ ತಪ್ಪುತ್ತದೆ.

ಇನ್ನೊಂದು ಮಾತು ಚಾರಣದ ಹುಡುಗರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅನ್ನುವುದರೊಳಗೆ ಚೂರಿಯೂ ಬರುತ್ತದೆ. ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಒಯ್ಯುವ ಹಾಗಿಲ್ಲ. ಅಲಗು ಎಷ್ಟೇ ಚಿಕ್ಕದಿರಲಿ. ಪುಷ್ಪಗಿರಿಗೋ ಕುದುರೆಮುಖಕ್ಕೋ ಹೊರಟರೆ ನಾನು ಸೌತೆಕಾಯಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬಿಕೊಳ್ಳುತ್ತೇನೆ.